ಎಂಟು ಮೈಲಿ ರಸ್ತೆಯ ಆಚೆಯ ಅಂಗಡಿ

(ಮಿಷಿಗನ್‌ನಲ್ಲಿ ನೆಲೆಸಿರುವ ಕನ್ನಡಿಗರ ಓದುಬಳಗವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಊರಿನಿಂದ ಫೋನ್ ಬಂದಾಗ ನಾವೆಲ್ಲರೂ ‘ಡೆಟ್ರಾಯಿಟ್‌ನಲ್ಲಿದ್ದೇವೆ’ ಎಂದೇ ಹೇಳುತ್ತೇವೆ. ವಿಳಾಸ ಕೇಳಿದರೆ ಮಾತ್ರ ನೋವಿ, ಟ್ರಾಯ್, ಕ್ಯಾಂಟನ್, ಫಾರ್ಮಿಂಗ್‌ಟನ್ ಹಿಲ್ಸ್. ನಗರದ ಗಡಿಯೊಳಗೆ ಮನೆ ಮಾಡಿಕೊಂಡವರು ಈ ಸಭೆಯಲ್ಲಿ ಒಬ್ಬಿಬ್ಬರು ಇದ್ದಾರೇನೋ. ಉಳಿದವರಿಗೆಲ್ಲ ಡೆಟ್ರಾಯಿಟ್ ಎಂದರೆ ಪಂದ್ಯ ನೋಡಲು ಹೋಗುವ ಜಾಗ, ಊರಿನಿಂದ ಬಂದ ಅಪ್ಪ ಅಮ್ಮನಿಗೆ ನದಿಯಾಚೆಯ ಕೆನಡಾ ತೋರಿಸುವ ಜಾಗ. ಕತ್ತಲಾಗುವ ಮುಂಚೆ ಎಂಟು ಮೈಲಿ ರಸ್ತೆ ದಾಟಿ ಹಿಂದಿರುಗಿಬಿಡುತ್ತೇವೆ.

ಆ ರಸ್ತೆಯೇ ನಗರದ ಉತ್ತರದ ಎಲ್ಲೆ. ಅದರ ಈಚೆ ನಮಗೆ ಏನು ಕಡಿಮೆಯಾಗಿದೆ? ತೊಂಡೆಕಾಯಿ, ನುಗ್ಗೆಕಾಯಿ, ಸೋನಾ ಮಸೂರಿ, ಬ್ಯಾಡಗಿ ಮೆಣಸಿನಕಾಯಿ ಎಲ್ಲವೂ ಸಿಗುತ್ತವೆ. ಆಚೆ, ಕಾರಿಲ್ಲದ ಒಬ್ಬ ಅಜ್ಜಿ ಒಂದು ಕಟ್ಟು ತಾಜಾ ಸೊಪ್ಪಿಗಾಗಿ ಹಿಮದಲ್ಲಿ ನಿಂತು ಬಸ್ ಕಾಯಬೇಕು. ಮನೆ ಪಕ್ಕದ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಅವರಿಗೆ ಸಿಗುವುದು ಚಿಪ್ಸ್, ಸೋಡಾ, ಲಾಟರಿ ಟಿಕೆಟ್. ಈ ವ್ಯತ್ಯಾಸ ಹೇಗಾಯಿತು, ಅದರ ವಿರುದ್ಧ ಅಲ್ಲಿಯವರೇ ಕಟ್ಟಿಕೊಂಡ ಒಂದು ಸಂಸ್ಥೆ ಏನು ಮಾಡುತ್ತಿದೆ ಎನ್ನುವುದು ಇವತ್ತಿನ ವಿಷಯ.

ಮೊದಲು ಒಂದು ಗೋಡೆಯ ಬಗ್ಗೆ ಹೇಳಬೇಕು. ಎಂಟು ಮೈಲಿ ರಸ್ತೆಗೆ ತಾಗಿದಂತೆ, ಬರ್‌ವುಡ್ ಬೀದಿಯ ಮನೆಗಳ ಹಿತ್ತಲಿನಲ್ಲಿ ಅದು ಈಗಲೂ ಇದೆ. ಆರಡಿ ಎತ್ತರ, ಒಂದಡಿ ದಪ್ಪ, ಸುಮಾರು ಅರ್ಧ ಮೈಲಿ ಉದ್ದ. 1941ರಲ್ಲಿ ಒಬ್ಬ ಬಿಲ್ಡರ್ ಇಲ್ಲಿ ಬಿಳಿಯರಿಗಾಗಿ ಮನೆ ಕಟ್ಟಲು ಹೊರಟ. ಪಕ್ಕದಲ್ಲೇ ಕಪ್ಪು ಜನರ ಕೇರಿ ಇದೆ ಎಂಬ ಕಾರಣಕ್ಕೆ ಫೆಡರಲ್ ವಸತಿ ಇಲಾಖೆ ಸಾಲಕ್ಕೆ ಖಾತರಿ ಕೊಡಲಿಲ್ಲ. ಬಿಲ್ಡರ್ ನಡುವೆ ಗೋಡೆ ಎಬ್ಬಿಸಿದ, ಖಾತರಿ ಸಿಕ್ಕಿತು. ಈಗ ಗೋಡೆಯ ಒಂದು ಭಾಗ ಮಕ್ಕಳ ಆಟದ ಮೈದಾನಕ್ಕೆ ಸೇರಿದೆ. ಅದರ ಮೇಲೆ ಊರಿನವರು ಬಣ್ಣದ ಚಿತ್ರ ಬರೆದಿದ್ದಾರೆ. ಮೈದಾನ ಮುಗಿದ ಮೇಲೆ ಬಣ್ಣವೂ ಮುಗಿಯುತ್ತದೆ, ಬರೀ ಕಾಂಕ್ರೀಟು ಮುಂದುವರಿಯುತ್ತದೆ.

ಗೋಡೆ ಕಣ್ಣಿಗೆ ಕಾಣುತ್ತದೆ. ನಕ್ಷೆಗಳು ಕಾಣುತ್ತಿರಲಿಲ್ಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ಅಮೆರಿಕದ ದೊಡ್ಡ ನಗರಗಳ ನಕ್ಷೆ ತೆಗೆದು ಬಡಾವಣೆಗಳಿಗೆ ಬಣ್ಣ ಬಳಿಯಿತು. ಹಸಿರು ಎಂದರೆ ಸಾಲ ಕೊಡಲು ಯೋಗ್ಯ, ಕೆಂಪು ಎಂದರೆ ಅಪಾಯ. ಕಪ್ಪು ಜನರಿದ್ದ ಬಡಾವಣೆಗಳಿಗೆ ಸಾಮಾನ್ಯವಾಗಿ ಕೆಂಪೇ ಗತಿ. ಸಾಲ ಸಿಗದ ಕೇರಿಯಲ್ಲಿ ಮನೆ ದುರಸ್ತಿಯಾಗುವುದಿಲ್ಲ, ಆಸ್ತಿಯ ಬೆಲೆ ಏರುವುದಿಲ್ಲ, ಅಂಗಡಿ ಇಡುವವನಿಗೂ ಬಂಡವಾಳ ಹುಟ್ಟುವುದಿಲ್ಲ. ಇದ್ದ ಅಂಗಡಿಗಳನ್ನೂ ಹೆದ್ದಾರಿ ನುಂಗಿತು. ಬ್ಲ್ಯಾಕ್ ಬಾಟಮ್ ಎಂಬ ಕೇರಿ, ಅದರ ಜೀವನಾಡಿಯಾಗಿದ್ದ ಹೇಸ್ಟಿಂಗ್ಸ್ ಬೀದಿ, ಅಲ್ಲಿದ್ದ ಕಪ್ಪು ವ್ಯಾಪಾರಿಗಳ ಹೋಟೆಲು, ಕಿರಾಣಿ, ಔಷಧಿ ಅಂಗಡಿ ಎಲ್ಲವನ್ನೂ ಕೆಡವಿದರು. ಬೀದಿ ಇದ್ದ ಜಾಗದಲ್ಲಿ ಕ್ರೈಸ್ಲರ್ ಹೆದ್ದಾರಿ ಬಂತು. ಪಂದ್ಯ ನೋಡಲು ನಗರದೊಳಗೆ ಹೋಗುವಾಗ ನಾವು ಕಾರು ಓಡಿಸುವುದು ಅದರ ಮೇಲೆಯೇ.

ಮುಂದಿನದು ನಿಮಗೆ ಗೊತ್ತಿರುವ ಕತೆ, ಬೇಗ ಮುಗಿಸುತ್ತೇನೆ. 1950ರಲ್ಲಿ ಡೆಟ್ರಾಯಿಟ್‌ನಲ್ಲಿ 18 ಲಕ್ಷಕ್ಕೂ ಹೆಚ್ಚು ಜನರಿದ್ದರು. 2020ರ ಜನಗಣತಿಯಲ್ಲಿ ಉಳಿದವರು 6 ಲಕ್ಷ 39 ಸಾವಿರ. ಕಾರ್ಖಾನೆಗಳು ಹೊರಗೆ ಹೋದವು, ಬಿಳಿಯರು ಉಪನಗರಗಳಿಗೆ ಹೋದರು, ಅವರ ಹಿಂದೆಯೇ ಸೂಪರ್‌ಮಾರ್ಕೆಟ್‌ಗಳೂ ಹೋದವು. 2007ರಲ್ಲಿ ಫಾರ್ಮರ್ ಜ್ಯಾಕ್ ಬಾಗಿಲು ಹಾಕಿದಾಗ ನಗರದಲ್ಲಿ ದೊಡ್ಡ ಸರಣಿ ಮಳಿಗೆ ಒಂದೂ ಉಳಿಯಲಿಲ್ಲ.

ಇಲ್ಲೊಂದು ಎಚ್ಚರಿಕೆ. ಪತ್ರಿಕೆಗಳು ಆಗ ‘ಡೆಟ್ರಾಯಿಟ್‌ನಲ್ಲಿ ದಿನಸಿ ಅಂಗಡಿಯೇ ಇಲ್ಲ’ ಎಂದು ಬರೆದವು. ಅದು ಸುಳ್ಳು. ಹತ್ತಾರು ಸ್ವತಂತ್ರ ಅಂಗಡಿಗಳಿದ್ದವು, ಈಗಲೂ ಇವೆ. ಅವುಗಳಲ್ಲಿ ಬಹುಪಾಲು ಇರಾಕಿನಿಂದ ವಲಸೆ ಬಂದ ಕ್ಯಾಲ್ಡಿಯನ್ ಕ್ರೈಸ್ತರವು. ಕೆಲವು ಅಂಗಡಿಗಳು ಚೆನ್ನಾಗಿವೆ, ಕೆಲವು ಬಾಡಿದ ಸೊಪ್ಪಿಗೆ ಪೂರಾ ಬೆಲೆ ಕೇಳುತ್ತವೆ. ಇನ್ನು 1891ರಿಂದ ಅದೇ ಜಾಗದಲ್ಲಿ ನಡೆಯುತ್ತಿರುವ ಈಸ್ಟರ್ನ್ ಮಾರ್ಕೆಟ್ ಇದೆ. ಶನಿವಾರ ಬೆಳಿಗ್ಗೆ ಹೋದರೆ ನಮ್ಮ ಕೆ.ಆರ್. ಮಾರುಕಟ್ಟೆಯ ಗದ್ದಲ ನೆನಪಾಗುತ್ತದೆ. ಪ್ರಶ್ನೆ ಬೇರೆಯೇ ಇತ್ತು. ನೂರಕ್ಕೆ ಎಂಬತ್ತು ಮಂದಿ ಕಪ್ಪು ಜನರಿದ್ದ ನಗರದಲ್ಲಿ ಅವರ ಒಡೆತನದ ಸೂಪರ್‌ಮಾರ್ಕೆಟ್ ಎಂದು ಉಳಿದಿದ್ದದ್ದು ಮೆಟ್ರೊ ಫುಡ್‌ಲ್ಯಾಂಡ್ ಒಂದೇ, ಅದೂ 2014ರಲ್ಲಿ ಮುಚ್ಚಿತು. ದುಡ್ಡು ಕೊಟ್ಟು ಕೊಳ್ಳುವವರು ಒಂದು ಕಡೆ, ಗಲ್ಲಾಪೆಟ್ಟಿಗೆ ಇನ್ನೊಂದು ಕಡೆ.

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಮಲಿಕ್ ಯಾಕಿನಿ. ಆಫ್ರಿಕನ್ ಪರಂಪರೆಯನ್ನು ಕಲಿಸುವ ಎನ್‌ಸೊರೊಮಾ ಎಂಬ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಶಾಲೆಯ ಅಂಗಳದಲ್ಲೇ ಮಕ್ಕಳಿಂದ ತರಕಾರಿ ಬೆಳೆಸುತ್ತಿದ್ದರು. ಆ ಹೊತ್ತಿಗೆ ಡೆಟ್ರಾಯಿಟ್‌ನ ಖಾಲಿ ನಿವೇಶನಗಳಲ್ಲಿ ಕೃಷಿ ಮಾಡುವುದು ದೇಶಕ್ಕೆಲ್ಲ ಸುದ್ದಿಯಾಗಿತ್ತು. ಆದರೆ ಸಭೆಗಳಲ್ಲಿ ಮಾತನಾಡುವವರು, ಅನುದಾನ ತರುವವರು, ಪತ್ರಿಕೆಗಳಿಗೆ ಫೋಟೊ ಕೊಡುವವರು ಹೆಚ್ಚಾಗಿ ಹೊರಗಿನಿಂದ ಬಂದ ಬಿಳಿ ಯುವಕರು. ಅವರು ಕೆಟ್ಟವರೆಂದು ಯಾಕಿನಿ ಎಲ್ಲೂ ಹೇಳಲಿಲ್ಲ. ಆದರೆ ಕಪ್ಪು ಜನರ ಊರಿನಲ್ಲಿ ಅವರ ಊಟದ ಯೋಚನೆಯನ್ನು ಬೇರೆಯವರು ಮುಂದೆ ನಿಂತು ಮಾಡುವುದು ಸರಿಯೇ ಎಂದು ಕೇಳಿದರು. 2006ರಲ್ಲಿ ಗೆಳೆಯರನ್ನು ಕೂಡಿಸಿ ಡೆಟ್ರಾಯಿಟ್ ಬ್ಲ್ಯಾಕ್ ಕಮ್ಯುನಿಟಿ ಫುಡ್ ಸೆಕ್ಯುರಿಟಿ ನೆಟ್‌ವರ್ಕ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿದರು. ಈಚೆಗೆ ಹೆಸರಿನಲ್ಲಿ ‘ಸೆಕ್ಯುರಿಟಿ’ (ಭದ್ರತೆ) ಹೋಗಿ ‘ಸಾವರಿಂಟಿ’ (ಸ್ವಾಧಿಕಾರ) ಬಂದಿದೆ. ನಾನು ‘ನೆಟ್‌ವರ್ಕ್’ ಎಂದಷ್ಟೇ ಹೇಳುತ್ತೇನೆ.

ಈ ಹಠ ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ದಕ್ಷಿಣಕ್ಕೆ, ಮಿಸಿಸಿಪಿಗೆ ಹೋಗಬೇಕು. ಡೆಟ್ರಾಯಿಟ್‌ನ ಕಪ್ಪು ಕುಟುಂಬಗಳಲ್ಲಿ ಬಹಳಷ್ಟು ಅಲಬಾಮಾ, ಜಾರ್ಜಿಯಾ, ಮಿಸಿಸಿಪಿಗಳಿಂದ ಬಂದವು. ಅಲ್ಲಿ ಅವರ ಅಜ್ಜಂದಿರು ಬಿಳಿ ಜಮೀನ್ದಾರರ ಹತ್ತಿಹೊಲಗಳನ್ನು ಪಾಲಿಗೆ ಮಾಡುತ್ತಿದ್ದರು. ಬೀಜ, ಬಟ್ಟೆ, ದಿನಸಿ ಎಲ್ಲವೂ ಧಣಿಯ ಅಂಗಡಿಯಿಂದ ಸಾಲ. ಸುಗ್ಗಿಯಾದ ಮೇಲೆ ಲೆಕ್ಕ ನೋಡಿದರೆ ಸಾಲವೇ ಉಳಿದಿರುತ್ತಿತ್ತು. ಈ ಲೆಕ್ಕದ ಪುಸ್ತಕವನ್ನು ನಮ್ಮ ಕಡೆಯ ಗೇಣಿದಾರರ ಮೊಮ್ಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ.

1962ರಲ್ಲಿ ಮಿಸಿಸಿಪಿಯ ಲೆಫ್ಲೋರ್ ಕೌಂಟಿಯಲ್ಲಿ ಕಪ್ಪು ಜನರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಮುಂದಾದರು. ಚಳಿಗಾಲ ಹತ್ತಿರ ಬರುತ್ತಿದ್ದಂತೆ ಕೌಂಟಿಯ ಆಡಳಿತ ಮಂಡಳಿ ಕೇಂದ್ರ ಸರ್ಕಾರದಿಂದ ಬರುತ್ತಿದ್ದ ಉಚಿತ ಪಡಿತರವನ್ನೇ ನಿಲ್ಲಿಸಿತು. ಹಿಟ್ಟು, ಅಕ್ಕಿ, ಹಾಲಿನಪುಡಿ ನಂಬಿಕೊಂಡಿದ್ದ ಸುಮಾರು 22 ಸಾವಿರ ಜನರಿಗೆ ಏಟು ಬಿತ್ತು. ಅವರಲ್ಲಿ ಬಹುತೇಕರು ಕಪ್ಪು ಜನರು. ವಿದ್ಯಾರ್ಥಿ ಚಳವಳಿಗಾರರು ಉತ್ತರದ ಊರುಗಳಿಗೆ ಕರೆ ಕೊಟ್ಟರು. ಹಾಸ್ಯಗಾರ ಡಿಕ್ ಗ್ರೆಗರಿ 1963ರ ಫೆಬ್ರುವರಿಯಲ್ಲಿ ವಿಮಾನವನ್ನೇ ಬಾಡಿಗೆಗೆ ಹಿಡಿದು 14 ಸಾವಿರ ಪೌಂಡ್ ಆಹಾರ ತಂದರು. ಮತ ಕೇಳಿದ್ದಕ್ಕೆ ಅನ್ನ ಕಿತ್ತುಕೊಂಡರು. ಆದರೆ ಒಂದು ಬೆಳವಣಿಗೆಯನ್ನು ಆಡಳಿತದವರು ಎಣಿಸಿರಲಿಲ್ಲ: ಪಡಿತರ ಹಂಚುವ ಸಾಲಿನಲ್ಲಿ ನಿಂತವರು ಅಲ್ಲಿಂದಲೇ ಮತದಾರರ ನೋಂದಣಿಯ ಸಾಲಿಗೆ ಹೋಗತೊಡಗಿದರು.

ಪಕ್ಕದ ಸನ್‌ಫ್ಲವರ್ ಕೌಂಟಿಯಲ್ಲಿ ಫ್ಯಾನಿ ಲೂ ಹೇಮರ್ ಇದ್ದರು. ಇಪ್ಪತ್ತು ಮಕ್ಕಳಲ್ಲಿ ಕೊನೆಯವರು, ಆರನೆಯ ವಯಸ್ಸಿನಿಂದ ಹತ್ತಿ ಬಿಡಿಸಿದವರು. ಮತದಾರರಾಗಲು ಹೋದ ದಿನವೇ, ಹದಿನೆಂಟು ವರ್ಷ ದುಡಿದ ತೋಟದಿಂದ ಅವರನ್ನು ಹೊರಹಾಕಿದರು. ಅವರ ಭಾಷಣಗಳು ಪ್ರಸಿದ್ಧ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅವರ ಹಂದಿ ಬ್ಯಾಂಕು. ನೀಗ್ರೊ ಮಹಿಳೆಯರ ರಾಷ್ಟ್ರೀಯ ಮಂಡಳಿಯ ನೆರವಿನಿಂದ ಒಂದಷ್ಟು ಹಂದಿಗಳನ್ನು ಕೊಂಡರು. ಬಡ ಕುಟುಂಬಕ್ಕೊಂದು ಹೆಣ್ಣು ಹಂದಿ. ಮರಿ ಹಾಕಿದ ಮೇಲೆ ಎರಡು ಮರಿಯನ್ನು ಬ್ಯಾಂಕಿಗೆ ಹಿಂದಿರುಗಿಸಬೇಕು, ಉಳಿದದ್ದು ಮನೆಯವರದು. ಹಿಂದೆ ಬಂದ ಮರಿ ಇನ್ನೊಂದು ಮನೆಗೆ ಹೋಗುತ್ತದೆ. ಬಡ್ಡಿಯೂ ಇಲ್ಲ, ಭಿಕ್ಷೆಯೂ ಇಲ್ಲ. 1969ರಲ್ಲಿ 40 ಎಕರೆಯಿಂದ ಫ್ರೀಡಂ ಫಾರ್ಮ್ ಸಹಕಾರ ಸಂಘ ಆರಂಭವಾಗಿ ಕೆಲವೇ ವರ್ಷಗಳಲ್ಲಿ 600 ಎಕರೆ ದಾಟಿತು. ಮನೆಯಲ್ಲಿ ಚಳಿಗಾಲಕ್ಕಾಗುವಷ್ಟು ಸೊಪ್ಪು ಸೂಪು ಡಬ್ಬಿಗಳಲ್ಲಿ ತುಂಬಿಟ್ಟಿದ್ದರೆ ಯಾರೂ ನಮ್ಮನ್ನು ಬೇಕಾದ ಹಾಗೆ ಕುಣಿಸಲಾರರು ಎನ್ನುವ ಅರ್ಥದಲ್ಲಿ ಹೇಮರ್ ಮಾತನಾಡುತ್ತಿದ್ದರು. ಸಾಲ, ತೆರಿಗೆ, ಹವಾಮಾನ, ಅವರದೇ ಅನಾರೋಗ್ಯ ಎಲ್ಲ ಸೇರಿ ಎಪ್ಪತ್ತರ ದಶಕದ ನಡುವಿಗೆ ಸಂಘ ಮುಳುಗಿತು. ಹೇಮರ್ 1977ರಲ್ಲಿ ತೀರಿಕೊಂಡರು.

ಇದೇ ಕಾಲಕ್ಕೆ, 1969ರ ಜನವರಿಯಲ್ಲಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡಿನ ಒಂದು ಚರ್ಚಿನಲ್ಲಿ ಕಪ್ಪು ಜನರ ರಕ್ಷಣೆಗೆ ಬಂದೂಕು ಹಿಡಿದಿದ್ದ ಬ್ಲ್ಯಾಕ್ ಪ್ಯಾಂಥರ್ ಪಕ್ಷದವರು ಶಾಲಾ ಮಕ್ಕಳಿಗೆ ಉಚಿತ ತಿಂಡಿ ಶುರು ಮಾಡಿದರು. ವರ್ಷ ಮುಗಿಯುವಷ್ಟರಲ್ಲಿ ಅದು ಹತ್ತಾರು ಊರುಗಳಿಗೆ ಹರಡಿತ್ತು. ಬಂದೂಕಿಗಿಂತ ಆ ತಿಂಡಿಯ ತಟ್ಟೆಗೇ ಎಫ್‌ಬಿಐ ಹೆಚ್ಚು ಹೆದರಿತು ಎಂದರೆ ಉತ್ಪ್ರೇಕ್ಷೆಯಾಗಲಾರದು. ಕಾರ್ಯಕ್ರಮವನ್ನು ಹಾಳುಗೆಡವಲು ಎಫ್‌ಬಿಐ ಮುಖ್ಯಸ್ಥರೇ ಲಿಖಿತ ಸೂಚನೆ ಕೊಟ್ಟಿದ್ದರು. (1972ರಲ್ಲಿ ಮುಂಬಯಿಯ ಯುವಕರು ದಲಿತ ಪ್ಯಾಂಥರ್ಸ್ ಎಂದು ಹೆಸರಿಟ್ಟುಕೊಂಡದ್ದು ಇವರನ್ನು ನೋಡಿಯೇ.)

ಈಗ ಮತ್ತೆ ಡೆಟ್ರಾಯಿಟ್. ನೆಟ್‌ವರ್ಕ್‌ಗೆ ಮೊದಲು ಎದುರಾದದ್ದು ನೆಲದ ಪ್ರಶ್ನೆ. 2006ರಲ್ಲಿ ನಗರದ ಪೂರ್ವಕ್ಕೆ ಕಾಲು ಎಕರೆಯಲ್ಲಿ ತರಕಾರಿ ಹಾಕಿದರು. ಆ ಜಾಗ ಬೇರೆಯವರ ಪಾಲಾಯಿತು. ಮರುವರ್ಷ ಪಶ್ಚಿಮಕ್ಕೆ ಒಂದು ಚರ್ಚಿನ ಅರ್ಧ ಎಕರೆ, ಅಲ್ಲಿಯೂ ನಿಲ್ಲಲಾಗಲಿಲ್ಲ. ಎರಡು ವರ್ಷ ಗೊಬ್ಬರ ಹಾಕಿ ಹದ ಮಾಡಿದ ಮಣ್ಣನ್ನು ಬಿಟ್ಟು ಬರುವುದೆಂದರೆ ಏನೆಂದು ಬೇಸಾಯಗಾರರ ಮನೆಯವರಿಗೆ ಗೊತ್ತು. ಕೊನೆಗೆ ನಗರಸಭೆಯೊಂದಿಗೆ ಹಗ್ಗಜಗ್ಗಾಟ ನಡೆಸಿ 2008ರಲ್ಲಿ ರೂಜ್ ಪಾರ್ಕ್ ಎಂಬ ದೊಡ್ಡ ಉದ್ಯಾನದಲ್ಲಿ, ಹಿಂದೆ ನಗರಸಭೆಯ ಸಸಿ ತೋಟವಾಗಿದ್ದ ಕಡೆ, ಎರಡು ಎಕರೆ ಪಡೆದರು. ವರ್ಷಕ್ಕೆ ಒಂದು ಡಾಲರ್ ಬಾಡಿಗೆ, ಹತ್ತು ವರ್ಷದ ಅವಧಿ. ಡಿ-ಟೌನ್ ಫಾರ್ಮ್ ಎಂದು ಹೆಸರು. ಈಗ ಅದು ಏಳು ಎಕರೆಯಾಗಿದೆ. ಕೊಲಾರ್ಡ್, ಕೇಲ್, ಟೊಮೇಟೊ, ಬೆಳ್ಳುಳ್ಳಿ, ಹಿಮಗಾಲದಲ್ಲೂ ಸೊಪ್ಪು ಬೆಳೆಯಲು ಪ್ಲಾಸ್ಟಿಕ್ ಹೊದಿಸಿದ ಕಮಾನು ಮನೆಗಳು, ಜೇನುಪೆಟ್ಟಿಗೆಗಳು, ಸಾಲಾಗಿ ಗೊಬ್ಬರದ ರಾಶಿಗಳು. ಕಳೆ ಕೀಳಲು ಬರುವ ಮುದುಕರಿಗೆ ಅಲಬಾಮಾದ ಬಾಲ್ಯ ನೆನಪಿದೆ. ಎಷ್ಟೋ ಯುವಕರಿಗೆ ಮಾತ್ರ ಮಣ್ಣು ಮುಟ್ಟುವುದೆಂದರೆ ಗುಲಾಮಗಿರಿಯ ಕಡೆಗೆ ಹಿಂದಿರುಗಿದಂತೆ. ಈ ಅಳುಕನ್ನು ಬಿಡಿಸುವುದೂ ತೋಟದ ಕೆಲಸವೇ ಎಂದು ಯಾಕಿನಿ ಹೇಳುತ್ತ ಬಂದಿದ್ದಾರೆ.

ಆ ಅಳುಕಿನ ಹಿಂದೆ ಲೆಕ್ಕವೂ ಇದೆ. 1920ರಲ್ಲಿ ಅಮೆರಿಕದಲ್ಲಿ 9 ಲಕ್ಷಕ್ಕೂ ಹೆಚ್ಚು ಕಪ್ಪು ರೈತರಿದ್ದರು. ಈಗ ದೇಶದ ರೈತರಲ್ಲಿ ಅವರು ನೂರಕ್ಕೆ ಇಬ್ಬರೂ ಇಲ್ಲ. ಕೃಷಿ ಇಲಾಖೆಯೇ ಸಾಲ ಕೊಡುವಲ್ಲಿ ತಾರತಮ್ಯ ಮಾಡಿದೆಯೆಂದು ಹೂಡಿದ ಪಿಗ್‌ಫರ್ಡ್ ಮೊಕದ್ದಮೆ 1999ರಲ್ಲಿ ರಾಜಿಯಾಗಿ, ಸರ್ಕಾರ ಕೋಟ್ಯಂತರ ಡಾಲರ್ ಪರಿಹಾರ ಕೊಡಬೇಕಾಯಿತು. ಹೋದ ಜಮೀನು ಮಾತ್ರ ಹೆಚ್ಚಿನವರಿಗೆ ಬರಲಿಲ್ಲ.

ಡೆಟ್ರಾಯಿಟ್‌ನಲ್ಲೂ ನೆಲ ಯಾರಿಗೆ ಸುಲಭವಾಗಿ ಸಿಗುತ್ತದೆ ನೋಡಿ. 2012ರ ಡಿಸೆಂಬರಿನಲ್ಲಿ ಒಬ್ಬ ಶ್ರೀಮಂತ ಉದ್ಯಮಿಯ ಕಂಪನಿಗೆ ಸುಮಾರು 1,500 ನಿವೇಶನಗಳನ್ನು ಮರ ಬೆಳೆಸಲೆಂದು ನಗರಸಭೆ ಮಾರಿತು. ಒಟ್ಟು ಬೆಲೆ 5 ಲಕ್ಷ ಡಾಲರ್ ಆಸುಪಾಸು. ಎಂದರೆ ನಿವೇಶನಕ್ಕೆ ಮುನ್ನೂರೈವತ್ತು ಡಾಲರ್ ಕೂಡ ಬೀಳಲಿಲ್ಲ. ಐದು ಮತ ಪರ, ನಾಲ್ಕು ವಿರೋಧ. ಮನೆಯ ಪಕ್ಕದ ಖಾಲಿ ಜಾಗವನ್ನು ವರ್ಷಗಟ್ಟಲೆ ಗುಡಿಸಿ, ಹುಲ್ಲು ಕತ್ತರಿಸಿ, ತರಕಾರಿ ಹಾಕಿಕೊಂಡಿದ್ದವರು ಅದೇ ಜಾಗ ಕೊಳ್ಳಲು ಕಚೇರಿ ಅಲೆಯುತ್ತಿದ್ದ ಕಾಲ ಅದು. ನೆಟ್‌ವರ್ಕ್ ಆ ಮಾರಾಟವನ್ನು ವಿರೋಧಿಸಿ ಸೋತಿತು. 2020ರಲ್ಲಿ ಇನ್ನೆರಡು ಕೃಷಿ ಸಂಸ್ಥೆಗಳೊಡನೆ ಸೇರಿ ಕಪ್ಪು ಬೆಳೆಗಾರರಿಗೆ ನಿವೇಶನ ಕೊಳ್ಳಲು ನೆರವಾಗುವ ನಿಧಿಯೊಂದನ್ನು ತೆರೆಯಿತು.

ಕಾನೂನಿನ ಕಡೆಯೂ ಕೆಲಸವಾಗಿದೆ. ನಗರಕ್ಕೊಂದು ಆಹಾರ ನೀತಿಯ ಕರಡನ್ನು ನೆಟ್‌ವರ್ಕ್ ಬರೆಯಿತು, 2008ರಲ್ಲಿ ನಗರಸಭೆ ಅದನ್ನು ಒಪ್ಪಿತು. ಮರುವರ್ಷ ಆಹಾರ ನೀತಿ ಮಂಡಳಿ ಬಂತು. ಅದೇ 2009ರಲ್ಲಿ ಬೇರೊಂದು ಸಂಸ್ಥೆ ಡೆಟ್ರಾಯಿಟ್‌ನ ರೈತ ಸಂತೆಗಳಲ್ಲಿ ಡಬಲ್ ಅಪ್ ಎಂಬ ಯೋಜನೆ ಶುರು ಮಾಡಿತು: ಸರ್ಕಾರದ ಆಹಾರ ನೆರವಿನ ಕಾರ್ಡಿನಲ್ಲಿ, ಇಲ್ಲಿನವರು ಬ್ರಿಡ್ಜ್ ಕಾರ್ಡ್ ಎನ್ನುತ್ತಾರೆ, ಹತ್ತು ಡಾಲರ್ ಖರ್ಚು ಮಾಡಿದರೆ ಹಣ್ಣು ತರಕಾರಿಗೆಂದು ಇನ್ನೂ ಹತ್ತು ಡಾಲರ್ ಸಿಗುತ್ತದೆ. ಬಡವರ ಚೀಲವೂ ತುಂಬಿತು, ರೈತರಿಗೂ ಗಿರಾಕಿ ಸಿಕ್ಕರು.

ಇನ್ನು ಅಂಗಡಿ. 2024ರ ಮೇ ತಿಂಗಳಲ್ಲಿ ವುಡ್‌ವರ್ಡ್ ಅವೆನ್ಯೂದ ನಾರ್ತ್ ಎಂಡ್ ಭಾಗದಲ್ಲಿ ನೆಟ್‌ವರ್ಕ್‌ನ ಮುಂದಾಳತ್ವದಲ್ಲಿ ಡೆಟ್ರಾಯಿಟ್ ಪೀಪಲ್ಸ್ ಫುಡ್ ಕೋ-ಆಪ್ ಎಂಬ ಸಹಕಾರಿ ಅಂಗಡಿ ತೆರೆಯಿತು. ಯೋಚನೆ ಹುಟ್ಟಿ ಹತ್ತು ವರ್ಷಕ್ಕೂ ಮಿಕ್ಕಿ ಕಾಲ ಹಿಡಿಯಿತು. ಕಟ್ಟಡಕ್ಕೆ ಎರಡು ಕೋಟಿ ಡಾಲರಿಗೂ ಹೆಚ್ಚು ಬೇಕಾಯಿತು. ಬ್ಯಾಂಕು, ದತ್ತಿ ಸಂಸ್ಥೆ, ತೆರಿಗೆ ರಿಯಾಯಿತಿ ಎಂದು ಹತ್ತು ಕಡೆಯಿಂದ ಹಣ ಕೂಡಿಸಬೇಕಾಯಿತು. ಕೆಳಗೆ ಅಂಗಡಿ, ಮೇಲೆ ಸಣ್ಣ ಉದ್ಯಮಿಗಳು ಬಾಡಿಗೆಗೆ ಪಡೆಯಬಹುದಾದ ಅಡುಗೆಮನೆಗಳು, ಒಂದು ಸಭಾಂಗಣ. ಸದಸ್ಯತ್ವ 200 ಡಾಲರ್, ಒಂದೇ ಸಲ. ಒಬ್ಬರಿಗೆ ಒಂದು ಮತ. ಆಡಳಿತ ಮಂಡಳಿಗೆ ಸದಸ್ಯರಿಂದಲೇ ಚುನಾವಣೆ. 1905ರಲ್ಲೇ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲೊಂದನ್ನು ಕಟ್ಟಿದ ಗದಗ ಜಿಲ್ಲೆಯ ಕಣಗಿನಹಾಳದವರಿಗೆ ಇದರಲ್ಲಿ ಹೊಸದೇನೂ ಕಾಣದು. ಸಹಕಾರ ಸಂಘಗಳು ಹೇಗೆ ಕೆಡುತ್ತವೆ ಎನ್ನುವುದೂ ನಮಗೆ ಅಷ್ಟೇ ಚೆನ್ನಾಗಿ ಗೊತ್ತು.

ಅಂಗಡಿಯ ಪಾಡು ಸುಲಭವಲ್ಲ. ದಿನಸಿ ವ್ಯಾಪಾರದಲ್ಲಿ ನೂರು ಡಾಲರಿಗೆ ಒಂದೆರಡು ಡಾಲರ್ ಉಳಿದರೆ ಹೆಚ್ಚು. ಸಾವಿರಾರು ಮಳಿಗೆಗಳ ಸರಣಿ ಲಾರಿಗಟ್ಟಲೆ ಕೊಂಡು ಬೆಲೆ ಇಳಿಸುತ್ತದೆ. ಒಂದೇ ಅಂಗಡಿಯ ಸಂಘ ಹಾಗೆ ಮಾಡಲಾರದು. ಸ್ಥಳೀಯ ರೈತನಿಗೆ ನ್ಯಾಯವಾದ ದರ, ಕೆಲಸಗಾರನಿಗೆ ನ್ಯಾಯವಾದ ಸಂಬಳ, ಬ್ರಿಡ್ಜ್ ಕಾರ್ಡ್ ಹಿಡಿದು ಬಂದವರಿಗೆ ಕೈಗೆಟುಕುವ ಬೆಲೆ: ಈ ಮೂರೂ ಒಟ್ಟಿಗೆ ಹೊಂದುವುದಿಲ್ಲ. ಒಂದನ್ನು ಎಳೆದರೆ ಇನ್ನೊಂದು ಸಡಿಲವಾಗುತ್ತದೆ. ಅಂಗಡಿ ನಿಲ್ಲುತ್ತದೆ ಎಂದು ನಾನು ಭರವಸೆ ಕೊಡಲಾರೆ. ಆದರೆ ಯಾವ ಬೆಲೆಯನ್ನು ಇಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಜಗಳ ಈಗ ಆ ಊರಿನವರ ಸರ್ವಸದಸ್ಯರ ಸಭೆಯಲ್ಲಿ ನಡೆಯಬಹುದು. ದೂರದ ಕಂಪನಿಯೊಂದರ ಕಚೇರಿಯಲ್ಲಿ ನಡೆಯಬೇಕಾಗಿಲ್ಲ.

ನಾವು ಅನ್ನದಾನದ ಹೆಮ್ಮೆ ಇರುವ ಜನ. ಧರ್ಮಸ್ಥಳ, ಸಿದ್ಧಗಂಗೆ, ಶೃಂಗೇರಿ ಎಂದು ಹೆಸರು ಹೇಳುತ್ತ ಹೋಗಬಹುದು. ಇಲ್ಲಿಗೆ ಬಂದ ಮೇಲೂ ಹಬ್ಬದ ಹೊತ್ತಿಗೆ ಡಬ್ಬಿ ಆಹಾರ ಕೂಡಿಸಿ ಡೆಟ್ರಾಯಿಟ್‌ಗೆ ಕಳಿಸುತ್ತೇವೆ. ಒಳ್ಳೆಯ ಕೆಲಸ, ಹಸಿದವರು ಸಿದ್ಧಾಂತ ಮುಗಿಯುವವರೆಗೆ ಕಾಯಲಾರರು. ಆದರೆ ಊಟ ಹಾಕುವ ಊರುಗಳಲ್ಲೇ ಪಂಕ್ತಿಭೇದವೂ ಇತ್ತು. ಎಲೆಯ ಮೇಲೆ ಬಿದ್ದ ಅನ್ನ ಒಂದೇ ಆದರೂ ಯಾರು ಒಳಗೆ ಕೂರಬೇಕು, ಯಾರು ಹೊರಗೆ, ಬಡಿಸುವವರು ಯಾರು ಎಂದು ತೀರ್ಮಾನಿಸುವ ಅಧಿಕಾರ ಒಂದೇ ಕಡೆ ಇತ್ತು. ನೆಟ್‌ವರ್ಕ್ ಎತ್ತಿದ ತಕರಾರು ಅದೇ ಜಾತಿಯದು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ನಮ್ಮಲ್ಲಿ ಹೆಚ್ಚಿನವರಿಗೆ ಈ ದೇಶದ ಬಾಗಿಲು ತೆರೆದದ್ದು 1965ರ ವಲಸೆ ಕಾಯ್ದೆ. ನಾಗರಿಕ ಹಕ್ಕುಗಳ ಚಳವಳಿ ಕಾವೇರಿದ್ದ ಹೊತ್ತಿನಲ್ಲಿ, ಅದರದೇ ಗಾಳಿಯಲ್ಲಿ ಬಂದ ಕಾಯ್ದೆ ಅದು. ಟ್ರಾಯ್‌ನಲ್ಲೋ ನೋವಿಯಲ್ಲೋ ಮನೆ ನೋಡಲು ಹೋದಾಗ ‘ನಿಮ್ಮಂಥವರಿಗೆ ಮಾರುವುದಿಲ್ಲ’ ಎಂದು ಯಾರೂ ಹೇಳಲಾಗದಂತೆ ಮಾಡಿದ್ದು 1968ರ ವಸತಿ ಕಾಯ್ದೆ. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರದೊಳಗೆ ಅದಕ್ಕೆ ಸಹಿ ಬಿತ್ತು. ಆ ಕಾಯ್ದೆಗಾಗಿ ಹೊಡೆತ ತಿಂದವರ ಮಕ್ಕಳು ಮೊಮ್ಮಕ್ಕಳು ಎಂಟು ಮೈಲಿ ರಸ್ತೆಯ ಆಚೆ ಇದ್ದಾರೆ. ಅದರ ಲಾಭ ಪಡೆದ ನಾವು ಈಚೆ ಇದ್ದೇವೆ.

ಸಭಿಕರ ಪ್ರಶ್ನೆಗಳು

ಹಿರಿಯರೊಬ್ಬರು ಕೇಳಿದರು: “ಕಪ್ಪು ಜನರದೇ ನಾಯಕತ್ವ ಇರಬೇಕು ಎನ್ನುವುದೂ ಒಂದು ಬಗೆಯ ವರ್ಣಭೇದ ಅಲ್ಲವೇ?”

ಸರ್, ನಾವು ಇಲ್ಲಿ ಕನ್ನಡಿಗರಷ್ಟೇ ಸೇರಿದ್ದೇವೆ, ಯಾರನ್ನೂ ದ್ವೇಷಿಸಿ ಸೇರಿಲ್ಲ. ಕೋ-ಆಪ್ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದು, ಸದಸ್ಯರಾಗಿರಲೇಬೇಕೆಂದಿಲ್ಲ. ನೆಟ್‌ವರ್ಕ್‌ನವರು ಡೆಟ್ರಾಯಿಟ್‌ನ ಆಹಾರ ವ್ಯವಸ್ಥೆಯಲ್ಲಿನ ವರ್ಣಭೇದದ ಬಗ್ಗೆ ಬಿಳಿಯರನ್ನೂ ಕೂರಿಸಿಕೊಂಡು ಚರ್ಚೆ ನಡೆಸಿದ್ದಾರೆ. ನೂರು ವರ್ಷ ನಕ್ಷೆ ಬಿಡಿಸುವವರ ಕೈಯಲ್ಲಿದ್ದ ಪೆನ್ಸಿಲನ್ನು ಈಗ ತಮಗೂ ಕೊಡಿ ಎಂದು ಕೇಳುವುದನ್ನು, ಆ ನಕ್ಷೆ ಬಿಡಿಸಿದ್ದರ ಪಕ್ಕದಲ್ಲಿಟ್ಟು ತೂಗಲು ನನಗೆ ಮನಸ್ಸಾಗುವುದಿಲ್ಲ.

ಇನ್ನೊಬ್ಬರು, ಎರಡು ಮಕ್ಕಳ ತಾಯಿ: “ನಾವು ಏನು ಮಾಡಬಹುದು? ಸ್ವಯಂಸೇವಕರಾಗಿ ಹೋಗಬಹುದೇ?”

ಹೋಗಬಹುದಮ್ಮ. ಆದರೆ ಟೀ-ಶರ್ಟ್ ಹೊಲಿಸಿಕೊಂಡು, ಬ್ಯಾನರ್ ಹಿಡಿದು ಮೂವತ್ತು ಜನ ಒಟ್ಟಿಗೆ ಹೋಗಬೇಡಿ. ಏನು ಬೇಕೆಂದು ಮೊದಲು ಕೇಳಿ. ‘ಗೊಬ್ಬರ ತಿರುವಿ’ ಎಂದರೆ ಗೊಬ್ಬರ ತಿರುವಿ. ಅದಕ್ಕಿಂತ ಸುಲಭವಾದದ್ದು ಅಲ್ಲಿ ವ್ಯಾಪಾರ ಮಾಡುವುದು. ಅಂಗಡಿಗೆ ಬೇಕಾಗಿರುವುದು ಮರುಕವಲ್ಲ, ಗಿರಾಕಿ. ಪಂದ್ಯಕ್ಕೆಂದು ನಗರಕ್ಕೆ ಹೋದ ದಿನ ಬರುವಾಗ ವುಡ್‌ವರ್ಡ್ ರಸ್ತೆಯಲ್ಲೇ ಬನ್ನಿ, ಒಂದು ಚೀಲ ತುಂಬಿಸಿಕೊಳ್ಳಿ. ಕೊಲಾರ್ಡ್ ಸೊಪ್ಪು ಸಿಕ್ಕರೆ ಬಿಡಬೇಡಿ, ತೊಗರಿಬೇಳೆ ಹಾಕಿ ಹುಳಿ ಮಾಡಿದರೆ ಚೆನ್ನಾಗಿರುತ್ತದೆ. ಎಲೆ ದಪ್ಪ, ನಡುವಿನ ದಂಟು ತೆಗೆದುಬಿಡಿ, ಸ್ವಲ್ಪ ಹೆಚ್ಚು ಹೊತ್ತು ಬೇಯಿಸಬೇಕು.